ಕಣ್ಣಿರುವ ಚಿಪ್ಪು

“ಯಾರೂ ಮಿಷಿನ್ ತುಳೀಬೇಡಿ. ಉಸಿರೂ ಮೆಲ್ಲಗೆ ಬಿಡಿ.”

ಮಾತು ಬಂದದ್ದು ಒಂದು ರಜಾಯಿಯ ಒಳಗಿಂದ. ಅದರೊಳಗೆ ರುಹಿ ಕೂತಿದ್ದಳು. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಹಾಳೆ, ಕಂಕುಳಲ್ಲಿ ಟಾರ್ಚು.

ಅವಳ ಅಮ್ಮಿ ಅಫ್ಸರ್ ಬಾನು ಹೊಲಿಗೆ ಮಿಷಿನ್ನಿನಿಂದ ಕಾಲು ತೆಗೆದಳು. ತೋಳಿನ ಅಳತೆ ಕೊಡಲು ಬಂದಿದ್ದ ಗಿರಾಕಿ, ಚಾಚಿದ ಕೈಯನ್ನು ಇಳಿಸಬಹುದೋ ಇಲ್ಲವೋ ತಿಳಿಯದೆ ಹಾಗೇ ನಿಂತಳು.

ಚಿಕ್ಕನಾಯಕನಹಳ್ಳಿಯ ಬಸ್ ಸ್ಟ್ಯಾಂಡಿನ ಹಿಂದಿರುವ ಈ ಟೈಲರ್ ಅಂಗಡಿ ಪ್ರತಿ ಶನಿವಾರ ಸ್ವಲ್ಪ ಹೊತ್ತು ಸ್ಟುಡಿಯೋ ಆಗುತ್ತಿತ್ತು. ಸುತ್ತ ಬಟ್ಟೆಯ ಗಂಟುಗಳಿದ್ದರೆ ದನಿ ಗೋಡೆಗೆ ಬಡಿದು ವಾಪಸು ಬರುವುದಿಲ್ಲ ಎಂದು ಕಂಡುಕೊಂಡವರು ಮಂಗಳಾ ಆಂಟಿ. ಅವರ ಆಫೀಸು ಅಂಗಡಿಯ ಮಹಡಿಯ ಮೇಲಿತ್ತು. ಆಫೀಸು ಎಂದರೆ ಒಂದು ಮೇಜು, ಎರಡು ಕಂಪ್ಯೂಟರು, ಸದಾ ಸೋರುವ ಒಂದು ನೀರಿನ ಫಿಲ್ಟರು.

ಆಂಟಿಯದು ಲಾಭಕ್ಕೆಂದು ನಡೆಸದ ಒಂದು ಸಣ್ಣ ಸಂಸ್ಥೆ. ಮಹಿಳಾ ಸಂಘ, ಯುವಕ ಸಂಘ, ವಾಚನಾಲಯ ಎಂದು ಊರಿಗಾಗಿ ಏನಾದರೂ ಮಾಡುವವರಿಗೆ ಫೋನು, ಕಂಪ್ಯೂಟರು ಬಳಸುವುದನ್ನು ಹೇಳಿಕೊಡುವುದು ಅದರ ಕೆಲಸ. ಎಲ್ಲ ಊರಿಗೂ ಹೋಗಿ ಹೇಳುವುದು ಆಗದ ಮಾತು. ಅದಕ್ಕೇ ‘ಸಂಘದ ಫೋನು’ ಎಂಬ ಪಾಡ್‌ಕಾಸ್ಟ್ ಶುರುವಾಯಿತು. ಅದೂ ರೇಡಿಯೋ ಇದ್ದ ಹಾಗೇ, ಆದರೆ ಯಾವಾಗ ಬೇಕೋ ಆಗ ಹಾಕಿಕೊಂಡು ಕೇಳಬಹುದು. ಶನಿವಾರ ಪಾಡ್‌ಕಾಸ್ಟ್, ಭಾನುವಾರ ಸಂಜೆ ಗ್ರೂಪಿನಲ್ಲಿ ಚಾಟ್. ಕೇಳಿದವರು ಪ್ರಶ್ನೆ ಬರೆಯುತ್ತಿದ್ದರು, ಇವರು ಉತ್ತರ ಬರೆಯುತ್ತಿದ್ದರು.

ಪಾಡ್‌ಕಾಸ್ಟಿನ ದನಿ ಐದನೇ ಕ್ಲಾಸಿನ ರುಹಿಯದು. ಇದು ಅವಳ ಅಣ್ಣ ಉಮರ್ ಫಾರೂಖ್‌ಗೆ ಸಹಿಸಲಾಗದ ಸಂಗತಿ. ಅವನು ಎಂಟನೇ ಕ್ಲಾಸು. ಅವನ ದನಿ ಈಚೆಗೆ ಒಡೆಯುತ್ತಿತ್ತು. ಮಾತು ಕೋಣನ ಹಾಗೆ ಶುರುವಾಗಿ ಕೋಳಿಮರಿಯ ಹಾಗೆ ಮುಗಿಯುತ್ತಿತ್ತು.

“ಒಂದೇ ಒಂದು ತಪ್ಪು ಮಾಡು, ಸಾಕು. ಮೈಕು ನಂದು,” ಎಂದು ಅವನು ವಾರ ವಾರ ಹೇಳುತ್ತಿದ್ದ.

“ಆಯ್ತು. ಮಾಡಿದ್ರೆ ತಾನೆ?” ಎಂದು ರುಹಿ ವಾರ ವಾರ ಒಪ್ಪುತ್ತಿದ್ದಳು.

ಆ ಶನಿವಾರದ ವಿಷಯ, ಫೋನು ತುಂಬಿಹೋದರೆ ಏನು ಮಾಡಬೇಕು ಎಂಬುದು. ರುಹಿ ಓದತೊಡಗಿದಳು. “ನಿಮ್ಮ ಸಂಘದ ಫೋನಿನಲ್ಲಿ ಜಾಗ ಇಲ್ಲದಿದ್ದರೆ ಮೆಮೊರಿ ಕಾರ್ಡನ್ನು ಅಳವಡಿಸಿ…”

“ನಿಲ್ಸು,” ಎಂದರು ಮಂಗಳಾ ಆಂಟಿ. “ಪೇಪರ್ ಓದ್ದಂಗಿದೆ ಕಣೇ. ಹಟ್ಟಿ ಅಜ್ಜೀರೂ ಕೇಳ್ತಾರೆ. ಅವ್ರಿಗೆ ಅರ್ಥ ಆಗೋ ಹಾಗೆ ಹೇಳು.”

ರುಹಿ ಯೋಚಿಸಿದಳು. ಪಕ್ಕದಲ್ಲೇ ಅಬ್ಬಾ ದಸ್ತಗೀರ್ ಅವರ ಮೊಬೈಲ್ ರಿಪೇರಿ ಅಂಗಡಿ. ಅಲ್ಲಿಗೆ ಬರುವವರು ಯಾರೂ ಮೆಮೊರಿ ಕಾರ್ಡ್ ಎನ್ನುವುದಿಲ್ಲ. “ದಸ್ತಗೀರಣ್ಣ, ಒಂದು ಚಿಪ್ಪು ಕೊಡು” ಎಂದೇ ಕೇಳುತ್ತಾರೆ.

ಅವಳು ಹಾಳೆ ಮಡಿಸಿ ಪಕ್ಕಕ್ಕಿಟ್ಟು, ಬಾಯಿಗೆ ಬಂದ ಹಾಗೆ ಹೇಳಿದಳು. “ಫೋನು ತುಂಬಿದ್ರೆ ಹೆದರ್ಬೇಡಿ. ಒಂದು ಚಿಪ್ಪು ತಗೊಳ್ಳಿ. ಚಿಪ್ಪು ಒದ್ದೆ ಇರಬಾರ್ದು. ಧೂಳಿದ್ರೆ ಒಣಬಟ್ಟೇಲಿ ಒರೆಸಿ. ಫೋನ್ ಆಫ್ ಮಾಡಿ ಚಿಪ್ಪು ಹಾಕಿ. ಆಮೇಲೆ ನಿಮ್ ಫೋಟೊ, ಹಾಡು, ಎಲ್ಲಾನೂ ಚಿಪ್ಪಿಗೆ ಕಳಿಸಿ. ಫೋನಲ್ಲಿರೋದನ್ನ ಅಳಿಸಿ. ಫೋನು ಖಾಲಿ, ಚಿಪ್ಪು ತುಂಬ, ನಿಮ್ ಸಂಘ ನಿರಾಳ.”

“ಸೂಪರ್,” ಎಂದರು ಮಂಗಳಾ ಆಂಟಿ. ಮೊಬೈಲ್ ಅಂಗಡಿಯ ಮಗ್ಗುಲಲ್ಲೇ ಕೂರುವ ಅವರ ಕಿವಿಗೂ ಚಿಪ್ಪು ಎಂದರೆ ಒಂದೇ ಅರ್ಥ.

ಹೊರಗೆ ಹುಳಿಯಾರಿನ ಬಸ್ಸು ಹಾರ್ನ್ ಮಾಡಿತು. ಅದೂ ಕೊನೆಯಲ್ಲಿ ರೆಕಾರ್ಡ್ ಆಯಿತು. ಗಿರಾಕಿ ಕೈ ಇಳಿಸಿದಳು.

ಮರುದಿನ ಮಂಗಳಾ ಆಂಟಿ ಮೀಟಿಂಗಿಗೆಂದು ತಿಪಟೂರಿಗೆ ಹೊರಟರು. ಸಂಜೆಯ ಚಾಟ್ ನೋಡಿಕೊಳ್ಳಲು ಆಫೀಸಿನ ಫೋನನ್ನು ರುಹಿಯ ಕೈಗಿತ್ತರು. “ಗೊತ್ತಿಲ್ದೆ ಇದ್ರೆ, ‘ಆಂಟಿ ಬಂದು ಹೇಳ್ತಾರೆ’ ಅಂತ ಬರಿ,” ಎಂದರು.

ಹಾಗೆ ಬರೆಯುವುದೆಂದರೆ ರುಹಿಗೆ ಆಗದು. ಅವಳ ಹೆಬ್ಬೆರಳು ಭಾರಿ ಚುರುಕು. ಪ್ರಶ್ನೆ ಬಂದು ಕಣ್ಣು ಮಿಟುಕಿಸುವುದರೊಳಗೆ ಉತ್ತರ ಹೋಗಬೇಕು. ಅದೇ ಅವಳ ಹೆಮ್ಮೆ.

ಮೊದಲ ಪ್ರಶ್ನೆ ಹುಳಿಯಾರು ರಸ್ತೆಯ ಒಂದು ಗೊಲ್ಲರಹಟ್ಟಿಯಿಂದ ಬಂತು. ಅಲ್ಲಿನ ಮಹಿಳಾ ಸಂಘದ ಗಂಗಲಕ್ಷ್ಮಿ ತಮ್ಮ ಸ್ವಂತ ಫೋನಿನಿಂದ ಬರೆದಿದ್ದರು. ‘ಪುಟ್ಟಿ, ಚಿಪ್ಪು ದೊಡ್ಡದಾಗಬೇಕಾ ಸಣ್ಣದಾಗಬೇಕಾ?’

‘ದೊಡ್ಡದಾದ್ರೆ ಜಾಸ್ತಿ ಹಿಡಿಯುತ್ತೆ ಅಕ್ಕ,’ ಎಂದು ಬರೆದಳು ರುಹಿ.

‘ಹಳೇವು ಆಗ್ತವಾ? ಮನೆ ಹಿಂದೆ ರಾಶಿ ಬಿದ್ದವೆ.’

ರುಹಿ ಬೆರಗಾದಳು. ಅಬ್ಬಾನ ಅಂಗಡಿಯಲ್ಲೇ ಇರುವುದು ಒಂದು ಡಬ್ಬಿ. ಇವರ ಮನೆಯ ಹಿಂದೆ ರಾಶಿಯೇ ಇದೆಯಂತೆ. ‘ಆಗ್ತವೆ. ಒಣಗಿರ್ಬೇಕು ಅಷ್ಟೆ.’

‘ನಾರು ಕೆರೀಬೇಕಾ?’

“ನಾರು?” ಎಂದಳು ರುಹಿ.

“ನಂಬರು ಅಂತಿರ್ಬೇಕು,” ಎಂದ ಹೆಗಲ ಮೇಲಿಂದ ಇಣುಕುತ್ತಿದ್ದ ಉಮರ್. “ಟೈಪ್ ಮಿಸ್ಟೇಕು.”

‘ಕೆರೀಬೇಡಿ. ನಂಬರ್ ಹೋದ್ರೆ ಗ್ಯಾರಂಟಿ ಹೋಗುತ್ತೆ,’ ಎಂದು ಬರೆದಳು ರುಹಿ.

ಆಮೇಲೆ ಬಂತು: ‘ಕಣ್ಣಿರೋದಾ, ಕಣ್ಣಿಲ್ದೆ ಇರೋದಾ?’

ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು.

“ಕ್ಯಾಮೆರಾ ಕಣೇ. ಕ್ಯಾಮೆರಾಗೆ ಅವ್ರ ಕಡೆ ಕಣ್ಣು ಅಂತಾರೇನೋ,” ಎಂದ ಉಮರ್. ದನಿ ‘ಕಣೇ’ಗೆ ಕೆಳಗಿತ್ತು, ‘ಏನೋ’ಗೆ ಮೇಲೇರಿತು.

‘ಕಣ್ಣಿರೋದೇ ಒಳ್ಳೇದು. ಫೋಟೊ ಕ್ಲಿಯರ್ ಆಗಿ ಬರುತ್ತೆ,’ ಎಂದು ಬರೆದಳು ರುಹಿ.

‘ಸರಿ ಪುಟ್ಟಿ. ಸಂಘದ ಫೋನ್ ಆಫ್ ಮಾಡಿ ಚಿಪ್ಪಿಗೆ ಹಾಕ್ತಾ ಇದೀವಿ. ಎಷ್ಟೊತ್ತು ಬೇಕು?’

‘ಹಾಡು ಜಾಸ್ತಿ ಇದ್ರೆ ಅರ್ಧ ಗಂಟೆ.’

‘ಆಮೇಲೆ ಫೋನಲ್ಲಿರೋದನ್ನ ಅಳಿಸಬೋದಾ? ನಮ್ಮತ್ತೆ ಜುಂಜಮ್ಮ ಹಲ್ಲಿದ್ದಾಗ ಹಾಡಿದ ಹಾಡೆಲ್ಲ ಅದರಲ್ಲೇ ಇರೋದು. ಈಗ ಮುಂದಿನ ಹಲ್ಲು ಬಿದ್ದೋಗವೆ. ಹಾಡಿದ್ರೆ ಬರೀ ಗಾಳಿ ಬತ್ತದೆ. ಅದುಕ್ಕೆ ಕೇಳಿದ್ದು.’

‘ಅಳಿಸಿ ಅಕ್ಕ,’ ಎಂದು ಬರೆದ ರುಹಿ, ಜೊತೆಗೆ ಹೆಬ್ಬೆರಳೆತ್ತಿದ ಚಿತ್ರವನ್ನೂ ಹಾಕಿದಳು. ಎಲ್ಲ ಪ್ರಶ್ನೆಗೂ ಥಟ್ಟನೆ ಉತ್ತರ. ಅವಳು ಉಮರ್‌ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಆಗ ಗಂಗಲಕ್ಷ್ಮಿ ಒಂದು ಫೋಟೊ ಕಳಿಸಿದರು.

ಫೋಟೊದಲ್ಲಿ ಒಂದು ಜಗಲಿ. ಜಗಲಿಯ ಮೇಲೆ ಒರೆಸಿ ಫಳಫಳ ಮಾಡಿದ ಅರ್ಧ ತೆಂಗಿನ ಚಿಪ್ಪು. ಅದರೊಳಗೆ ಸಂಘದ ಫೋನು, ಹಂಡೆಯಲ್ಲಿ ನೀರಿಗೆ ಕೂರಿಸಿದ ಮಗುವಿನ ಹಾಗೆ ಅರ್ಧ ಒಳಗೆ ಅರ್ಧ ಹೊರಗೆ ಕೂತಿತ್ತು. ಸಾಲದೆ ಬಂದರೆ ಇರಲಿ ಎಂದು ಪಕ್ಕದಲ್ಲಿ ಇನ್ನೂ ಎರಡು ಚಿಪ್ಪು.

ರುಹಿಗೆ ಏನೂ ಹೊಳೆಯಲಿಲ್ಲ. ಅಮ್ಮಿ ಬಂದು ಬಗ್ಗಿ ನೋಡಿದಳು. ಅವಳ ಬಾಯಲ್ಲಿ ಎರಡು ಗುಂಡುಪಿನ್ನುಗಳಿದ್ದವು.

“ಇದ್ಯಾಕೆ ಫೋನನ್ನ ಕೊಬ್ಬರಿ ಚಿಪ್ಪಲ್ಲಿ ಕೂರ್ಸವ್ರೆ?” ಎಂದಳು ಪಿನ್ನುಗಳ ಸಂದಿಯಿಂದ.

ಕೊಬ್ಬರಿ ಚಿಪ್ಪು. ನಾರು ಎಂದರೆ ನಾರೇ. ಕಣ್ಣು ಎಂದರೆ ಕಾಯಿಯ ಕಣ್ಣು. ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪು ಈ ಸೀಮೆಯಲ್ಲಿ ಯಾರ ಮನೆಯ ಹಿಂದೆ ತಾನೆ ರಾಶಿ ಬಿದ್ದಿಲ್ಲ?

ಉಮರ್ ನೆಲದ ಮೇಲೆ ಕೂತುಬಿಟ್ಟ. ನಕ್ಕು ನಕ್ಕು ಅವನಿಗೆ ಉಸಿರೇ ಬರುತ್ತಿರಲಿಲ್ಲ. “ಇಡೀ ಸಂಘದ ಕೈಗೆ ಚಿಪ್ಪು ಕೊಟ್ಬಿಟ್ಟೆ ಕಣೇ,” ಎಂದು ಕೋಳಿಮರಿಯ ದನಿಯಲ್ಲಿ ಕೂಗಿದ. “ಅದೂ ಕಣ್ಣಿರೋ ಚಿಪ್ಪು.”

ರುಹಿ ನಗಲಿಲ್ಲ. “ಭಾಯ್, ಅವ್ರು ಹಾಡು ಅಳಿಸ್ತಾರೆ.”

ಉಮರ್‌ನ ನಗು ನಿಂತಿತು.

ರುಹಿ ‘ಅಳಿಸಬೇಡಿ’ ಎಂದು ಬರೆದಳು. ಮತ್ತೆ ಬರೆದಳು. ಒಂದಕ್ಕೂ ಉತ್ತರವಿಲ್ಲ. ಗಂಗಲಕ್ಷ್ಮಿಗೆ ಫೋನ್ ಮಾಡಿದರೆ ರಿಂಗ್ ಆಗಿ ಆಗಿ ನಿಂತಿತು. ಸಂಘದ ನಂಬರಿಗೆ ಮಾಡಿದರೆ, ನೀವು ಕರೆ ಮಾಡಿದ ಫೋನು ಸ್ವಿಚ್ ಆಫ್ ಆಗಿದೆ ಎಂದಿತು. ಆಫ್ ಮಾಡಿ ಎಂದು ಹೇಳಿದ್ದು ಅವಳೇ.

“ಅಬ್ಬಾ,” ಎನ್ನುತ್ತ ಅವಳು ಪಕ್ಕದಂಗಡಿಗೆ ಓಡಿದಳು.

ದಸ್ತಗೀರ್ ಒಂದು ಫೋನಿನ ಹೊಟ್ಟೆ ಬಿಚ್ಚಿ ಕೂತಿದ್ದರು. ಮಗಳ ಕತೆ ಕೇಳುತ್ತ ಅವರ ಮೀಸೆ ಎರಡು ಸಲ ಅಲುಗಿತು. ಆದರೆ ಅವಳ ಮುಖ ನೋಡಿ ನಗಲಿಲ್ಲ. ಡಬ್ಬಿಯಿಂದ ಒಂದು ಮೆಮೊರಿ ಕಾರ್ಡ್ ತೆಗೆದು ಜೇಬಿಗೆ ಹಾಕಿಕೊಂಡು, “ಹತ್ತು,” ಎಂದರು ಮೊಪೆಡ್ ತೋರಿಸಿ.

ಅಬ್ಬಾನ ಮೊಪೆಡ್ಡಿಗೆ ಎರಡೇ ವೇಗ. ಒಂದು ನಿಧಾನ, ಇನ್ನೊಂದು ನಿಂತೇಹೋಗುವುದು. ಹುಳಿಯಾರು ರಸ್ತೆಯಲ್ಲಿ ತೆಂಗಿನ ತೋಟಗಳು ಒಂದೊಂದಾಗಿ, ಏನೂ ಆತುರವಿಲ್ಲದೆ ಹಿಂದೆ ಸರಿದವು. ರುಹಿ ದಾರಿಯುದ್ದಕ್ಕೂ ಗಂಗಲಕ್ಷ್ಮಿಗೆ ಫೋನ್ ಮಾಡುತ್ತಲೇ ಇದ್ದಳು.

ಹಟ್ಟಿಗೆ ತಿರುಗುವ ಮಣ್ಣಿನ ದಾರಿಯಲ್ಲಿ ಮೊಪೆಡ್ಡು ಪೂರ್ತಿ ನಿಂತಿತು. ಎದುರಿಗೆ ದಾರಿಯ ಈ ಅಂಚಿನಿಂದ ಆ ಅಂಚಿನವರೆಗೆ ಮನೆಗೆ ಮರಳುವ ಕುರಿಗಳು. ಅವುಗಳ ಹಿಂದೆ ಗಂಗಲಕ್ಷ್ಮಿಯ ಗಂಡ ಎತ್ತಪ್ಪ, ಹೆಗಲ ಮೇಲೊಂದು ಮರಿ ಹೊತ್ತು ಬರುತ್ತಿದ್ದ. ಅಬ್ಬಾ ಹಾರ್ನ್ ಒತ್ತಿದರು. ಒಂದು ಕುರಿ ತಿರುಗಿ ನೋಡಿ, ಅಲ್ಲೇ ಮೇಯತೊಡಗಿತು.

“ಆತುರ ನಿಮಗೆ ದಸ್ತಗೀರಣ್ಣ. ಕುರಿಗಿಲ್ವಲ್ಲ,” ಎಂದ ಎತ್ತಪ್ಪ.

“ಮಾಮಾ, ನಿಮ್ಮನೇಲಿ ಅಕ್ಕ ಫೋನೇ ಎತ್ತಲ್ಲ. ಸಂಘದ ಫೋನನ್ನ ಅಳಿಸಿಬಿಟ್ರಾ?” ಎಂದು ಕೇಳಿದಳು ರುಹಿ.

“ಫೋನು ಎಲ್ಲಾರ ಅಳ್ತದೇನವ್ವ? ನಮ್ಮವ್ವ ಇವತ್ತು ಮನೇವ್ರನ್ನೆಲ್ಲ ಅಳಿಸ್ತಾ ಕುಂತವ್ಳೆ, ಅಷ್ಟೇಯ. ಹೋಗಿ ನೋಡೋಗು.”

ರುಹಿ ಮೊಪೆಡ್ಡಿನಿಂದ ಜಿಗಿದು, ಕುರಿಗಳ ಮಧ್ಯೆ ದಾರಿ ಮಾಡಿಕೊಂಡು ಓಡಿದಳು. ಒಂದು ಟಗರು ಅವಳ ದುಪ್ಪಟ್ಟದ ಮೂಲೆಯನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ದೂರ ಜೊತೆಗೇ ಬಂತು.

ಜಗಲಿಯ ಮೇಲೆ ಜುಂಜಮ್ಮ ಕೂತಿದ್ದಳು. ಅವಳ ಬಲಗಿವಿಗೆ ತೆಂಗಿನ ಚಿಪ್ಪು ಒತ್ತಿಕೊಂಡಿತ್ತು. ಎದುರಿಗೆ ಗಂಗಲಕ್ಷ್ಮಿ ಸಂಘದ ಫೋನು ಹಿಡಿದು ನಿಂತಿದ್ದರು. ಅವರ ಸ್ವಂತ ಫೋನು ಮನೆಯೊಳಗೆ ಚಾರ್ಜಿಗೆ ಹಾಕಿದ್ದಲ್ಲಿ ಕೂಗುತ್ತಿತ್ತು.

“ಅತ್ತೆ, ಆ ಹುಡುಗಿ ಅಳಿಸಿ ಅಂದವ್ಳೆ. ಅರ್ಧ ಗಂಟೆ ಆಯ್ತು.”

“ಚಿಪ್ಪು ಇನ್ನೂ ಬಾಯೇ ಬುಟ್ಟಿಲ್ಲ,” ಎಂದಳು ಜುಂಜಮ್ಮ. ಹಲ್ಲಿಲ್ಲದ ಕಡೆಯಿಂದ ಗಾಳಿ ಸುಯ್ಯೆಂದಿತು. “ಮೊದ್ಲು ಅದು ಹಾಡ್ಲಿ. ನನ್ನ ಹಳೇ ದನಿ ನನ್ನ ಕಿವಿಗೆ ಬೀಳ್ಲಿ. ಆಮೇಲೆ ನೀನು ಏನಾದ್ರೂ ಅಳ್ಸ್ಕೊ.”

“ಅಳಿಸಬೇಡಿ,” ಎಂದಳು ರುಹಿ ಏದುಸಿರು ಬಿಡುತ್ತ. ಅವಳು ಜಗಲಿಯ ಅಂಚಿನಲ್ಲಿ ಕೂತಳು. “ಅಳಿಸಿಲ್ವಲ್ಲ? ಅಜ್ಜಿ, ಚಿಪ್ಪು ಅಂದ್ರೆ ಇದಲ್ಲ. ನಾನು ಹೇಳಿದ್ದು ಬೇರೆ ಚಿಪ್ಪು.”

ಅಷ್ಟರಲ್ಲಿ ಅಬ್ಬಾ ಮೊಪೆಡ್ ತಳ್ಳಿಕೊಂಡು ಬಂದರು. ಜೇಬಿನಿಂದ ಮೆಮೊರಿ ಕಾರ್ಡ್ ತೆಗೆದು ಜುಂಜಮ್ಮನ ಅಂಗೈ ಮೇಲಿಟ್ಟರು. ಕಿರುಬೆರಳಿನ ಉಗುರಿನಷ್ಟಿದ್ದ ಕಪ್ಪು ಚೂರು.

ಜುಂಜಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು. “ಇದಾ ಚಿಪ್ಪು? ಹುಣಸೆಬೀಜದ ಸಿಪ್ಪೆ ಇದ್ದಂಗದೆ. ನನ್ನಷ್ಟು ದೊಡ್ಡ ಬಾಯಿ ಇದ್ರೊಳಗೆ ಹಿಡಿಸ್ತದೇನಪ್ಪ?”

“ನಿಮ್ಮಂಥ ನೂರು ಬಾಯಿ ಹಿಡಿಸುತ್ತೆ ಅಜ್ಜಿ,” ಎಂದರು ಅಬ್ಬಾ.

“ನೂರು ಬೇಡ. ಒಂದಕ್ಕೇ ಇವರಿಗೆ ಸಾಕಾಗ್ಯದೆ,” ಎಂದು ಜುಂಜಮ್ಮ ಸೊಸೆಯ ಕಡೆ ಕಣ್ಣು ಹಾಯಿಸಿದಳು.

ಗಂಗಲಕ್ಷ್ಮಿ ರುಹಿಯ ಪಕ್ಕ ಬಂದು ಕೂತರು. “ಹಂಗಾದ್ರೆ ನಾನು ನಾರು ಕೆರೀಬೇಕಾ ಅಂದಿದ್ದಕ್ಕೆ ನೀನು ಏನಂದ್ಕೊಂಡೆ ಪುಟ್ಟಿ?”

“ನಂಬರು ಅಂತ.”

“ಕಣ್ಣು?”

“ಕ್ಯಾಮೆರಾ ಅಂತ,” ಎಂದಳು ರುಹಿ ಮೆಲ್ಲಗೆ.

ಗಂಗಲಕ್ಷ್ಮಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ನನಗೂ ಏನೋ ಮಿಸ್ ಹೊಡೀತಾ ಅದೆ ಅನ್ನಿಸ್ತು. ಹೋದ ತಿಂಗಳು ನೀವೇ, ಫೋನನ್ನ ಖಾಲಿ ಚೆಂಬಲ್ಲಿ ಇಟ್ರೆ ಸೌಂಡು ಜೋರಾಗಿ ಬತ್ತದೆ ಅಂತ ಹೇಳಿದ್ರಿ. ನಿಜವಾಗ್ಲೂ ಬಂತು. ಚೆಂಬಿಗೆ ಆಗೋದು ಚಿಪ್ಪಿಗೆ ಆಗಲ್ವಾ ಅಂದ್ಕೊಂಡೆ. ಅದೂ ಅಲ್ದೆ ನೀನು ಅಷ್ಟು ಬಿರ್ರನೆ ಉತ್ತರ ಕೊಡ್ತಿದ್ದೆ, ಇನ್ನೊಂದ್ಸಲ ಕೇಳಕ್ಕೇ ನಾಚಿಕೆ ಆಯ್ತು.”

ರುಹಿ ತನ್ನ ಹೆಬ್ಬೆರಳುಗಳನ್ನು ನೋಡಿಕೊಂಡಳು.

ಅಬ್ಬಾ ಫೋನಿಗೆ ಕಾರ್ಡ್ ಹಾಕಿ ಆನ್ ಮಾಡಿದರು. ರುಹಿ ಹಾಡುಗಳನ್ನು ಒಂದೊಂದಾಗಿ ಕಾರ್ಡಿಗೆ ಕಾಪಿ ಮಾಡಿದಳು. ಮುಗಿದಾಗ ಗಂಗಲಕ್ಷ್ಮಿ ಕೇಳಿದರು, “ಈಗ ಅಳಿಸ್ಲಾ?”

ರುಹಿ ಥಟ್ಟನೆ ‘ಹೂಂ’ ಎನ್ನಲು ಹೋಗಿ ತಡೆದುಕೊಂಡಳು. ಜುಂಜಮ್ಮನ ಕಡೆ ತಿರುಗಿದಳು. “ಅಜ್ಜಿ, ಚಿಪ್ಪು ಹಾಡುತ್ತಾ ನೋಡೋಣ್ವಾ?”

ಕಾರ್ಡಿನಲ್ಲಿದ್ದ ಮೊದಲ ಹಾಡು ಶುರುವಾಯಿತು. ಜುಂಜಮ್ಮನ ಹಲ್ಲಿದ್ದಾಗಿನ ದನಿ ಗಟ್ಟಿಯಾಗಿ, ಒಂದು ಅಕ್ಷರವೂ ಸೋರದೆ ಬಂತು. ಅಜ್ಜಿ ಕಣ್ಣು ಮುಚ್ಚಿಕೊಂಡಳು. ಅವಳ ನಾಲಿಗೆ ತನ್ನಷ್ಟಕ್ಕೆ ಹಲ್ಲಿಲ್ಲದ ಜಾಗವನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ನಡುವೆ ಒಮ್ಮೆ ಕೈ ಚಾಚಿ, ಫೋನನ್ನು ಎತ್ತಿ ತೆಂಗಿನ ಚಿಪ್ಪಿನೊಳಗೆ ನಿಲ್ಲಿಸಿದಳು. ಹಾಡು ಇನ್ನಷ್ಟು ಜೋರಾಯಿತು. ಅಂಗಳದಲ್ಲಿದ್ದ ಕುರಿಗಳು ಒಟ್ಟಿಗೆ ತಲೆಯೆತ್ತಿದವು.

“ನೋಡ್ದಾ, ಚಿಪ್ಪು ಬೇಕೇ ಬೇಕು,” ಎಂದಳು ಜುಂಜಮ್ಮ.

ಎಲ್ಲ ಹಾಡನ್ನೂ ಕೇಳಿ ಮುಗಿಸಿದ ಮೇಲೆಯೇ ಅವರು ಫೋನಿನಲ್ಲಿದ್ದುದನ್ನು ಅಳಿಸಿದ್ದು.

ತಿಪಟೂರಿನಿಂದ ವಾಪಸು ಬಂದ ಮಂಗಳಾ ಆಂಟಿ ರೆಕಾರ್ಡಿಂಗ್ ಹಚ್ಚಿ ಕೇಳಿದರು. “ನನಗೂ ಹೊಳೀಲೇ ಇಲ್ವಲ್ಲ ಕಣೇ,” ಎಂದು ಹಣೆ ಚಚ್ಚಿಕೊಂಡರು. ಬುಧವಾರ ದಂಡಿನಶಿವರದ ಇನ್ನೊಂದು ಸಂಘದವರು, ‘ನಮ್ಮಲ್ಲಿ ಜಾಸ್ತಿ ಇತ್ತು, ಇಲ್ಲದ ಸಂಘಗಳಿಗೆ ಕೊಡಿ’ ಎಂದು ಒಂದು ಮೂಟೆ ಚಿಪ್ಪನ್ನು ಬಸ್ಸಿನಲ್ಲಿ ಕಳಿಸಿಕೊಟ್ಟರು. ಅವರಿಗೂ ಫೋನ್ ಮಾಡಿ ವಿಷಯ ತಿಳಿಸಿದ್ದಾಯಿತು. ಮೂಟೆ ಮಾತ್ರ ಅಮ್ಮಿಯ ಒಲೆಯ ಪಕ್ಕ ಉಳಿಯಿತು. ವಾರವಿಡೀ ಮನೆಯಲ್ಲಿ ಸ್ನಾನದ ನೀರು ಬೇಗ ಕಾಯುತ್ತಿತ್ತು.

ಶನಿವಾರ ಬಂತು. ರುಹಿ ಯಾರೂ ಕೇಳುವ ಮೊದಲೇ ಮೈಕನ್ನು ಉಮರ್‌ನ ಕೈಗೆ ಕೊಟ್ಟಳು. ಮಾತು ಎಂದರೆ ಮಾತು.

ಉಮರ್ ರಜಾಯಿಯೊಳಗೆ ಹೋಗಿ, “ಹೋದ ವಾರದ ಚಿಪ್ಪಿನ ಬಗ್ಗೆ ಒಂದು ತಿದ್ದುಪಡಿ,” ಎಂದು ಕೋಣನ ಹಾಗೆ ಶುರು ಮಾಡಿ ಕೋಳಿಮರಿಯ ಹಾಗೆ ಮುಗಿಸಿದ. ಗಿರಾಕಿಗಳು ನಕ್ಕರು. ಮತ್ತೆ ಶುರು ಮಾಡಿದ. ಮತ್ತೆ ನಕ್ಕರು. ಕೊನೆಗೆ ಅವನೂ ನಕ್ಕ. ಮಂಗಳಾ ಆಂಟಿ ನಗುವನ್ನೂ ಸೇರಿಸಿಯೇ ಪಾಡ್‌ಕಾಸ್ಟ್ ಕಳಿಸಿದರು. ಅದರಲ್ಲಿ ಜುಂಜಮ್ಮನ ಮಾತೂ ಇತ್ತು, ಗಾಳಿಯ ಸಮೇತ: “ಮೊದ್ಲು ಹಾಡ್ಸಿ ನೋಡಿ. ಆಮೇಲೆ ಅಳ್ಸಿ.”

ಭಾನುವಾರ ಸಂಜೆ ರುಹಿ ಚಾಟ್‌ಗೆ ಕೂತಳು. ಅಮ್ಮಿ ಒಂದು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

ಒಂದು ರೈತರ ಸಂಘದಿಂದ ಪ್ರಶ್ನೆ ಬಂತು. ‘ನಮ್ಮ ಗುಂಡಿ ಸರಿಯಿಲ್ಲ. ಏನು ಮಾಡೋದು?’

“ಜೋರಾಗಿ ಒತ್ತಿ ಅಂತ ಬರಿ,” ಎಂದ ಉಮರ್.

ರುಹಿಯ ಹೆಬ್ಬೆರಳು ‘ಜೋ’ ಎಂದು ಬರೆದೇಬಿಟ್ಟಿತ್ತು. ಅವಳು ನಿಂತಳು. ಅಮ್ಮಿಯ ಸೂಜಿಯ ತುದಿಯಲ್ಲಿದ್ದ ಗುಂಡಿಯನ್ನು ನೋಡಿದಳು. ಬೀದಿಯಾಚೆ, ತೆಂಗಿನ ಸಸಿ ನೆಡಲು ಯಾರೋ ತೆಗೆದಿದ್ದ ಗುಂಡಿಯನ್ನು ನೋಡಿದಳು. ಬರೆದದ್ದನ್ನು ಅಳಿಸಿದಳು.

‘ಯಾವ ಗುಂಡಿ ಅಣ್ಣ? ಒಂದು ಫೋಟೊ ಕಳಿಸಿ,’ ಎಂದು ಬರೆದಳು.

ಆ ಕಡೆಯಿಂದ ಫೋಟೊ ಹೊರಟಿತು. ಸಿಗ್ನಲ್ ಕಮ್ಮಿಯಿತ್ತು. ಪರದೆಯ ಮೇಲೆ ಸಣ್ಣ ಚಕ್ರವೊಂದು ತಿರುಗುತ್ತಲೇ ಇತ್ತು. ರುಹಿ ಎರಡೂ ಹೆಬ್ಬೆರಳುಗಳನ್ನು ಮುಷ್ಟಿಯೊಳಗೆ ಮಡಿಸಿಕೊಂಡು, ಅದು ನಿಲ್ಲುವವರೆಗೆ ಕಾದಳು.